ದಂಡಿನಲ್ಲಿ ಲಿನಕ್ಸ್

ಬೆಂಗಳೂರಿನ ದಂಡು ಪ್ರದೇಶಕ್ಕೆ ಕಂಪ್ಯೂಟರ್ ಕಾಲಿಟ್ಟು ನಾಲ್ಕು ದಶಕ ದಾಟಿದೆ. ಯೂನಿಕ್ಸ್, ಡಾಸ್, ವಿಂಡೋಸ್, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಳೆಲ್ಲವೂ ಇಲ್ಲಿನ ಮೇಜುಗಳ ಮೇಲೆ ಬಂದು ಕೂತಿವೆ, ಕೆಲವು ಎದ್ದೂ ಹೋಗಿವೆ. ಆದರೆ ಬಳಸುವವರು ಇವನ್ನು ತಾವಾಗಿ ಆರಿಸಿಕೊಂಡದ್ದು ಅಪರೂಪ. ಬ್ಯಾಂಕಿನ ಗುಮಾಸ್ತರ ಪರವಾಗಿ ಆರಿಸಿದ್ದು ಅವರ ಪ್ರಧಾನ ಕಚೇರಿ. ಮನೆಯವರ ಪರವಾಗಿ ಆರಿಸಿದ್ದು ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಯ ಹುಡುಗ. ಶಿವಾಜಿನಗರದ ಡಿಟಿಪಿ ಅಂಗಡಿಯ ಪರವಾಗಿ ಆರಿಸಿದ್ದು ಅಕ್ಷರ. ಲಿನಕ್ಸ್ ಹಾಕಿಕೊಂಡವರ ಪಡಿಪಾಟಲು, ಅವರ ಬಗ್ಗೆ ಹುಟ್ಟಿಕೊಂಡ ತಮಾಷೆ, ಅವರು ವಿಂಡೋಸಿನವರ ಬಗ್ಗೆ ಮಾಡಿದ ತಮಾಷೆ ಎಲ್ಲವೂ ಈ ಹಿನ್ನೆಲೆಯಲ್ಲೇ ಅರ್ಥವಾಗಬೇಕು.

1809ರಲ್ಲಿ ಹಲಸೂರಿನ ಪಕ್ಕ ಬ್ರಿಟಿಷ್ ಸೇನೆಗಾಗಿ ಹುಟ್ಟಿಕೊಂಡ ದಂಡು ಮತ್ತು ಕೆಂಪೇಗೌಡರ ಪೇಟೆ, ಎರಡೂ ಬೇರೆ ಬೇರೆ ಊರುಗಳಾಗಿಯೇ ಬೆಳೆದವು. ಎರಡರ ಪುರಸಭೆಗಳು ಒಂದಾದದ್ದು 1949ರಲ್ಲಿ. ಕಂಪ್ಯೂಟರಿನ ಮಟ್ಟಿಗೆ ಮಾತ್ರ ಆ ಹಳೆಯ ಗಡಿ ಇನ್ನೂ ಬಹುಕಾಲ ಉಳಿಯಿತು. ಬಿಡಿಭಾಗ ಸಿಗುವುದು, ಜೋಡಣೆ ನಡೆಯುವುದು ಪೇಟೆಯ ಸದರ್ ಪತ್ರಪ್ಪ (ಎಸ್‌ಪಿ) ರಸ್ತೆಯಲ್ಲಿ. ದೊಡ್ಡ ಕಂಪನಿಗಳ ಕಚೇರಿ, ಬ್ಯಾಂಕುಗಳ ಆಡಳಿತ ಕೇಂದ್ರ, ಪತ್ರಿಕಾಲಯ, ಸೈಬರ್ ಕೆಫೆ ದಂಡಿನ ಕಡೆ. ಆಟೋದ ಹಿಂದಿನ ಸೀಟಿನಲ್ಲಿ ಮಾನಿಟರನ್ನು ಮಡಿಲಲ್ಲಿ ಇಟ್ಟುಕೊಂಡು ಎಸ್‌ಪಿ ರಸ್ತೆಯಿಂದ ಹಲಸೂರಿಗೋ ಇಂದಿರಾನಗರಕ್ಕೋ ಬಂದವರ ತಲೆಮಾರೊಂದಿದೆ.

1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ ತನ್ನ ಕೇಂದ್ರ ತೆರೆಯಿತು. ಅದರ ಉಪಗ್ರಹ ಸಂಪರ್ಕದ ಉಪಕರಣ ಎತ್ತಿನ ಗಾಡಿಯಲ್ಲಿ ಬಂದ ಕಥೆಯನ್ನು ಬೆಂಗಳೂರಿನ ಐಟಿ ಚರಿತ್ರೆ ಬರೆದವರು ಯಾರೂ ಬಿಟ್ಟಿಲ್ಲ. ಅದೇ ದಶಕದಲ್ಲಿ ಬೆಂಗಳೂರಿನದೇ ಆದ ಪಿಎಸ್‌ಐ ಡೇಟಾ ಸಿಸ್ಟಮ್ಸ್, ವಿಪ್ರೋ ಕಂಪನಿಗಳು ಯೂನಿಕ್ಸ್ ಯಂತ್ರಗಳನ್ನು ತಯಾರಿಸಿ ಮಾರುತ್ತಿದ್ದವು. ಬ್ಯಾಂಕುಗಳ ಯಾಂತ್ರೀಕರಣದ ಬಗ್ಗೆ ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಲೆಡ್ಜರ್ ಬರೆಯುವ ಯಂತ್ರಗಳು ಬಂದವು. ಆಮೇಲೆ, 1990ರ ದಶಕದಲ್ಲಿ, ದೇಶದ ಎಷ್ಟೋ ಶಾಖೆಗಳಲ್ಲಿ ಒಂದು ಸರ್ವರಿಗೆ ನಾಲ್ಕಾರು ಟರ್ಮಿನಲ್ ಜೋಡಿಸಿದ ಎಸ್‌ಸಿಒ ಯೂನಿಕ್ಸ್ ಬಂತು. ಸೇಂಟ್ ಮಾರ್ಕ್ಸ್ ರಸ್ತೆಯಿಂದ ಟ್ರಿನಿಟಿ ವೃತ್ತದವರೆಗಿನ ಬ್ಯಾಂಕುಗಳ ಸಾಲಿನಲ್ಲಿ ಇದಕ್ಕೆ ಕೊರತೆಯಿರಲಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಎಂಬುದಿಲ್ಲ. ಹತ್ತು ವರ್ಷ ದಿನಾ ಎಂಟು ಗಂಟೆ ಯೂನಿಕ್ಸ್ ಮುಂದೆ ಕೂತು ನಿವೃತ್ತರಾದ ಗುಮಾಸ್ತರಿಗೆ ಅದರ ಹೆಸರು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಗಿರಾಕಿಗೆ ಹೇಳಲು 'ಸಿಸ್ಟಮ್ ಹ್ಯಾಂಗ್ ಆಗಿದೆ, ನಾಳೆ ಬನ್ನಿ' ಎಂಬ ಒಂದು ವಾಕ್ಯ ಸಾಕಿತ್ತು. ಯೂನಿಕ್ಸ್ ಅಷ್ಟು ಸುಲಭಕ್ಕೆ ಹ್ಯಾಂಗ್ ಆಗುವುದಿಲ್ಲ ಎಂದು ವಾದಿಸುವ ಗಿರಾಕಿ ಕೌಂಟರಿನ ಈಚೆ ಇನ್ನೂ ಹುಟ್ಟಿರಲಿಲ್ಲ.

ಇಂಟರ್‌ನೆಟ್ಟಿನ ಮೊದಲ ಪರಿಚಯವೂ ಯೂನಿಕ್ಸ್ ಮೂಲಕವೇ ಆಯಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಚಿತ್ರ ಕಾಣುವ ಖಾತೆಯ ಬೆಲೆ ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ. ವಿದ್ಯಾರ್ಥಿಗಳು ಕೊಂಡದ್ದು ಅಗ್ಗದ 'ಶೆಲ್ ಖಾತೆ'. ದೂರದ ಯೂನಿಕ್ಸ್ ಯಂತ್ರಕ್ಕೆ ಫೋನು ಹಾಯಿಸಿ, ಲಿಂಕ್ಸ್ ಎಂಬ ಬರೀ ಪಠ್ಯದ ಬ್ರೌಸರಿನಲ್ಲಿ ಜಾಲ ನೋಡಿ, ಪೈನ್ ಎಂಬ ತಂತ್ರಾಂಶದಲ್ಲಿ ಅಂಚೆ ಓದುವುದು. 1996ರ ಜುಲೈನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅದು ಸೈಬರ್ ಕೆಫೆಯೂ ಆಗಿತ್ತು. ಒಂದು ಕಾಫಿ, ಒಂದು ಗಂಟೆ ಇಂಟರ್‌ನೆಟ್ ಸೇರಿ 100 ರೂಪಾಯಿ. ಮನೆಯ ಕಪ್ಪು ಪರದೆಗೂ ಬ್ರಿಗೇಡ್ ರಸ್ತೆಯ ಬಣ್ಣದ ಪರದೆಗೂ ಇದ್ದ ಅಂತರ ನೋಡಿದವರಿಗೆ 'ಕಂಪ್ಯೂಟರ್ ಎಂದರೆ ವಿಂಡೋಸ್' ಎಂಬ ಭಾವನೆ ಗಟ್ಟಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಲಿನಕ್ಸ್ ಮನೆ ಹೊಕ್ಕಿದ್ದು ಅದೇ ವರ್ಷ, ಪತ್ರಿಕೆಯೊಂದರ ಜೊತೆ ಉಚಿತವಾಗಿ. 1996ರ ಮಾರ್ಚ್‌ನಲ್ಲಿ 'ಪಿಸಿ ಕ್ವೆಸ್ಟ್' ತನ್ನ ಸಂಚಿಕೆಯೊಂದಿಗೆ ಸ್ಲಾಕ್‌ವೇರ್ ಲಿನಕ್ಸ್ ಇದ್ದ ಸಿಡಿ ಹಂಚಿತು. ಇದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್ (1962–2013). ಇಂಟರ್‌ನೆಟ್ ಬರುವ ಮೊದಲೇ ಇಲ್ಲಿ 'ಸಿಐಎಕ್ಸ್' ಎಂಬ ಬುಲೆಟಿನ್ ಬೋರ್ಡ್ ನಡೆಸಿದ್ದವರು. ಮುಂದಿನ ಕೆಲವು ವರ್ಷ ದೇಶದ ಲಿನಕ್ಸ್ ಬಳಕೆದಾರರಲ್ಲಿ ಅನೇಕರ ಮೊದಲ ಪಾಠ ಆ ಪತ್ರಿಕೆಯ ಸಿಡಿಗಳಿಂದಲೇ ಆಯಿತು.

ಆ ಪಾಠ ಸುಖದ್ದಾಗಿರಲಿಲ್ಲ. ಬಣ್ಣದ ಪರದೆ ಬೇಕಾದರೆ ಮಾನಿಟರಿನ ಅಡ್ಡ ಮತ್ತು ಲಂಬ ಆವರ್ತನಗಳ ಸಂಖ್ಯೆಯನ್ನು ಕೈಯಾರೆ ಬರೆಯಬೇಕು. ತಪ್ಪು ಸಂಖ್ಯೆ ಕೊಟ್ಟರೆ ಮಾನಿಟರಿಗೆ ಹಾನಿಯಾದೀತು ಎಂಬ ಎಚ್ಚರಿಕೆ ಅಲ್ಲೇ ಇರುತ್ತಿತ್ತು. ಎಸ್‌ಪಿ ರಸ್ತೆಯಲ್ಲಿ ಕೊಂಡ ಮಾನಿಟರಿನ ಜೊತೆ ಕೈಪಿಡಿ ಬಂದಿರುವುದಿಲ್ಲ. ಅಪ್ಪ ಕೂಡಿಟ್ಟ ಹಣದಲ್ಲಿ ಬಂದ ಕಂಪ್ಯೂಟರ್ ಎದುರು ಕೂತು, ಅಂದಾಜಿನ ಸಂಖ್ಯೆ ಕೊಟ್ಟು, ಒಂದು ಕೈ ಸ್ವಿಚ್ಚಿನ ಮೇಲೆ ಇಟ್ಟುಕೊಂಡೇ ಎಂಟರ್ ಒತ್ತುವುದು ಆ ಕಾಲದ ಸಾಹಸ. ಯಂತ್ರ ಹೊತ್ತಿಸಿದಾಗ ಮೊದಲು ಬರುವ 'ಲಿಲೋ' ಎಂಬ ಪುಟ್ಟ ತಂತ್ರಾಂಶ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದು ಹಂತ ಮುಗಿದಂತೆ ಒಂದೊಂದಾಗಿ ಮೂಡಿಸುತ್ತಿತ್ತು. ನಾಲ್ಕೂ ಬಂದರೆ ಬದುಕಿದಂತೆ. 'ಲಿ' ಎಂದು ನಿಂತುಬಿಟ್ಟರೆ ಆ ರಾತ್ರಿ ನಿದ್ದೆಯಿಲ್ಲ. ತೊಂದರೆ ಏನೆಂದು ಹೇಳಲು ಎರಡೇ ಅಕ್ಷರ ಬಳಸಿದ ಇನ್ನೊಂದು ತಂತ್ರಾಂಶ ಹುಡುಕುವುದು ಕಷ್ಟ.

ಫ್ಲಾಪಿ, ಸಿಡಿಗಳ ಕಥೆ ಬೇರೆ. ಲಿನಕ್ಸಿನಲ್ಲಿ ಫ್ಲಾಪಿಯನ್ನು ಹಾಕಿದ ಮೇಲೆ 'ಮೌಂಟ್' ಮಾಡಬೇಕು, ತೆಗೆಯುವ ಮೊದಲು 'ಅನ್‌ಮೌಂಟ್' ಮಾಡಬೇಕು. ಡಾಸ್ ಅಭ್ಯಾಸದವರು ದೀಪ ಆರಿತೆಂದು ಫ್ಲಾಪಿ ಎಳೆದುಕೊಂಡರೆ, ಬರೆದಿದ್ದೇವೆಂದುಕೊಂಡ ಕಡತ ಇನ್ನೂ ಯಂತ್ರದ ಸ್ಮರಣೆಯಲ್ಲೇ ಇರುತ್ತಿತ್ತು. ಸಿಡಿ ಡ್ರೈವಿನ ಗುಂಡಿಯಂತೂ ಅನ್‌ಮೌಂಟ್ ಮಾಡದ ಹೊರತು ಎಷ್ಟು ಒತ್ತಿದರೂ ಬಾಗಿಲು ತೆಗೆಯುತ್ತಿರಲಿಲ್ಲ; ಡ್ರೈವ್ ಕೆಟ್ಟಿದೆಯೆಂದು ಎಸ್‌ಪಿ ರಸ್ತೆಗೆ ಹೊತ್ತುಕೊಂಡು ಹೋದವರಿದ್ದಾರೆ. ಹೊಸ ತಂತ್ರಾಂಶ ಹಾಕಹೋದರೆ ಅದು ಇನ್ನೊಂದನ್ನು ಕೇಳುತ್ತದೆ, ಆ ಇನ್ನೊಂದು ಮತ್ತೆ ಮೂರನ್ನು, ಅದರಲ್ಲೊಂದು ಮೊದಲಿನದನ್ನೇ ಕೇಳುತ್ತದೆ. ಹಾಡು ಕೇಳೋಣವೆಂದರೆ 2002ರ ರೆಡ್ ಹ್ಯಾಟ್ ಲಿನಕ್ಸ್ 8ರಿಂದ ಪೇಟೆಂಟ್ ಕಾರಣಕ್ಕೆ ಎಂಪಿ3 ನುಡಿಸುವ ಸೌಲಭ್ಯವನ್ನೇ ತೆಗೆದುಹಾಕಿದ್ದರು. ಇಡೀ ಊರು ಒಂದು ಸಿಡಿಗೆ ನೂರೈವತ್ತು ಸಿನಿಮಾ ಹಾಡು ತುಂಬಿಸಿ ಕೇಳುತ್ತಿದ್ದ ಕಾಲ ಅದು. ಪೇಟೆಂಟುಗಳ ತಾತ್ವಿಕ ಚರ್ಚೆಯಲ್ಲಿ ಮನೆಯವರಿಗೆ ಆಸಕ್ತಿ ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಮೋಡೆಮ್. ಹಳೆಯ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರಕ್ಕೆ ಮೊದಲು ಸಿಗುವ ದೂರವಾಣಿನಗರದ ಐಟಿಐ ಕಾರ್ಖಾನೆ 1948ರಿಂದ ದೇಶಕ್ಕೆಲ್ಲ ಟೆಲಿಫೋನು ಮಾಡಿಕೊಟ್ಟದ್ದು. ಡಯಲ್ ಅಪ್ ದಿನಗಳಲ್ಲಿ ಗೊರಗುಟ್ಟುತ್ತಿದ್ದ ತಂತಿಗಳ ತುದಿಯಲ್ಲಿ ಅದರ ಫೋನುಗಳೇ ಇರುತ್ತಿದ್ದವು. ತಂತಿ ಸರಿಯಿದ್ದರೂ, ಅಗ್ಗದ ಕಂಪ್ಯೂಟರಿನ ಒಳಗೆ ಕೂರಿಸಿರುತ್ತಿದ್ದುದು ಅರ್ಧ ಮೋಡೆಮ್ ಮಾತ್ರ. ಇನ್ನರ್ಧ ಕೆಲಸವನ್ನು ವಿಂಡೋಸಿನ ತಂತ್ರಾಂಶ ಮಾಡುತ್ತಿತ್ತು. 'ವಿನ್‌ಮೋಡೆಮ್' ಎಂದು ಇದಕ್ಕೆ ಹೆಸರು. ಲಿನಕ್ಸಿನಲ್ಲಿ ಇದಕ್ಕೆ ಚಾಲಕ ತಂತ್ರಾಂಶ ಬೇಕು, ಅದು ಇಂಟರ್‌ನೆಟ್ಟಿನಲ್ಲಿದೆ, ಇಂಟರ್‌ನೆಟ್ಟಿಗೆ ಮೋಡೆಮ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಆ ಕಾಲದಲ್ಲಿ ಇರಲಿಲ್ಲ. ಪರಿಹಾರವೆಂದರೆ ವಿಂಡೋಸಿಗೆ ಹೋಗಿ, ಇಳಿಸಿಕೊಂಡು, ಮತ್ತೆ ಲಿನಕ್ಸಿಗೆ ಬರುವುದು. ಇಲ್ಲವೇ ಹೆಚ್ಚು ಹಣ ಕೊಟ್ಟು ಹೊರಗೆ ಇಡುವ ಪೂರ್ಣ ಮೋಡೆಮ್ ಕೊಳ್ಳುವುದು. ಹತ್ತು ವರ್ಷದ ಮೇಲೆ ಯುಎಸ್‌ಬಿ ಡೇಟಾ ಕಾರ್ಡುಗಳು ಬಂದಾಗ ಇದೇ ನಾಟಕ ಹೊಸ ವೇಷದಲ್ಲಿ ನಡೆಯಿತು. ಚುಚ್ಚಿದೊಡನೆ ಅವು ಮೋಡೆಮ್ ಆಗಿ ಅಲ್ಲ, ವಿಂಡೋಸ್ ತಂತ್ರಾಂಶ ತುಂಬಿದ ಸಿಡಿ ಡ್ರೈವ್ ಆಗಿ ಕಾಣಿಸಿಕೊಳ್ಳುತ್ತಿದ್ದವು. ಅವುಗಳ ವೇಷ ಕಳಚಿಸಲೆಂದೇ ಲಿನಕ್ಸಿನವರು 'ಯುಎಸ್‌ಬಿ ಮೋಡ್‌ಸ್ವಿಚ್' ಎಂಬ ಸಲಕರಣೆ ಬರೆಯಬೇಕಾಯಿತು.

ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಂಡವರ ಗಡಿಯಾರ ಒಂದು ನಿತ್ಯದ ಹಾಸ್ಯ. ವಿಂಡೋಸ್ ಯಂತ್ರದ ಗಡಿಯಾರವನ್ನು ಭಾರತೀಯ ಕಾಲಮಾನವೆಂದು ಓದುತ್ತದೆ. ಲಿನಕ್ಸ್ ಅದನ್ನು ಗ್ರೀನಿಚ್ಚಿನದೆಂದು ಓದುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಿ ಬಂದಾಗಲೆಲ್ಲ ಸಮಯ ಐದೂವರೆ ಗಂಟೆ ಆಚೀಚೆ. ಇನ್ನು ವಿಂಡೋಸ್ ನಿಧಾನವಾಯಿತೆಂದು ಅಂಗಡಿಯ ಹುಡುಗನನ್ನು ಕರೆಸಿದರೆ ಲಿನಕ್ಸಿನ ಕಥೆ ಅಲ್ಲಿಗೆ ಮುಗಿಯಿತು. ವಿಂಡೋಸಿನ ಕಣ್ಣಿಗೆ ಲಿನಕ್ಸಿನ ಭಾಗ ಕಾಣುವುದೇ ಇಲ್ಲ. 'ಸರ್, ಅರ್ಧ ಹಾರ್ಡ್ ಡಿಸ್ಕು ವೇಸ್ಟ್ ಆಗಿ ಬಿದ್ದಿತ್ತು, ಫಾರ್ಮ್ಯಾಟ್ ಹೊಡೆದು ಡಿ ಡ್ರೈವ್ ಮಾಡಿದೀನಿ' ಎನ್ನುವಾಗ ಆ ಹುಡುಗನ ಮುಖದಲ್ಲಿ ಉಪಕಾರ ಮಾಡಿದ ತೃಪ್ತಿ ಇರುತ್ತಿತ್ತು.

ಈ ಕಷ್ಟಗಳೇ ಗೆಳೆತನ ಬೆಳೆಸಿದವು ಎನ್ನಬೇಕು. ಬೆಂಗಳೂರಿನ ಲಿನಕ್ಸ್ ಬಳಕೆದಾರರ ಬಳಗ 1990ರ ದಶಕದ ಕೊನೆಗೆ ರೂಪುಗೊಂಡಿತು. 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣದಲ್ಲಿ ಮೊದಲ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ನಡೆಯಿತು. 2005ರಲ್ಲಿ ಅದಕ್ಕೆ 'ಫಾಸ್ ಡಾಟ್ ಇನ್' ಎಂಬ ಹೆಸರು ಬಂತು. ಆ ವರ್ಷ ದಂಡಿನ ಅಂಚಿನ ಬೆಂಗಳೂರು ಅರಮನೆಯಲ್ಲಿ ನಡೆದ ಸಮ್ಮೇಳನಕ್ಕೆ ಲಿನಕ್ಸಿನ ತಿರುಳಾದ ಕರ್ನೆಲ್ ಬರೆದವರಲ್ಲಿ ಹಿರಿಯರಾದ ಅಲನ್ ಕಾಕ್ಸ್ ಬಂದಿದ್ದರು. 2012ರದು ಕೊನೆಯದು. ಬಳಸುವವರ ಊರಾಗಿದ್ದರೆ ಸಾಲದು, ಬರೆದು ಕೊಡುವವರ ಊರಾಗಬೇಕು ಎಂದು ಚಿಟ್ನಿಸ್ ಮತ್ತು ಸಂಗಡಿಗರು ಕೊನೆಯ ವರ್ಷಗಳಲ್ಲಿ ಬಿಗಿಯಾಗಿ ಪಟ್ಟು ಹಿಡಿದಿದ್ದರು.

ಬರೆದು ಕೊಟ್ಟವರು ಇಲ್ಲಿ ಇರಲಿಲ್ಲವೆಂದಲ್ಲ. ಐಬಿಎಂ ಕಂಪನಿಯ ಬೆಂಗಳೂರಿನ ಲಿನಕ್ಸ್ ತಂಡದ ಎಂಜಿನಿಯರುಗಳು ಕರ್ನೆಲ್ಲಿಗೆ ಗಟ್ಟಿ ಕೊಡುಗೆ ಕೊಟ್ಟಿದ್ದಾರೆ. ಅನೇಕ ಪ್ರೊಸೆಸರುಗಳು ಒಂದೇ ದತ್ತಾಂಶವನ್ನು ಬೀಗ ಹಾಕದೆ ಓದುವಂತೆ ಮಾಡುವ 'ಆರ್‌ಸಿಯು' ಎಂಬ ವಿಧಾನ 2002ರಲ್ಲಿ ಕರ್ನೆಲ್ಲಿನ 2.5.43 ಆವೃತ್ತಿಗೆ ಸೇರಿತು. ಅದನ್ನು ಸೇರಿಸುವಲ್ಲಿ ಆ ತಂಡದ ದೀಪಂಕರ್ ಶರ್ಮಾ ಅವರ ಪಾತ್ರ ದೊಡ್ಡದು. ಇಂದಿನ ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಅದು ಇದೆ. ದೊಮ್ಮಲೂರಿನಿಂದ ಸಿ.ವಿ. ರಾಮನ್ ನಗರದವರೆಗೆ, ಅಲ್ಲಿಂದ ಕೆ.ಆರ್. ಪುರ ದಾಟಿ ವೈಟ್‌ಫೀಲ್ಡಿನ ಐಟಿಪಿಎಲ್‌ವರೆಗೆ ಸಾಲುಗಟ್ಟಿದ ಕಚೇರಿಗಳಲ್ಲಿ ಕೆಲಸ ನಡೆಯುವುದು ಬಹುಮಟ್ಟಿಗೆ ಲಿನಕ್ಸ್ ಸರ್ವರುಗಳ ಮೇಲೆ. ಕೆಲಸ ಮಾಡುವವರ ಲ್ಯಾಪ್‌ಟಾಪು ಮಾತ್ರ ವಿಂಡೋಸಿನದು, ಈಚೆಗೆ ಮ್ಯಾಕ್. ವಿಂಡೋಸಿನ ಒಳಗಿನ ಪುಟ್ಟಿ ಎಂಬ ಕಪ್ಪು ಕಿಟಕಿಯಲ್ಲಿ ಹಗಲೆಲ್ಲ ಲಿನಕ್ಸ್ ನಡೆಸಿ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋಗುವವರೇ ಪೂರ್ವ ಬೆಂಗಳೂರಿನ ಸಾಮಾನ್ಯ ಲಿನಕ್ಸ್ ಬಳಕೆದಾರರು.

ಶಿವಾಜಿನಗರದ ಡಿಟಿಪಿ ಅಂಗಡಿಗಳಲ್ಲಿ ಚಿತ್ರವೇ ಬೇರೆ, ಲಿನಕ್ಸ್ ಯಾಕೆ ಊರಿಗೆ ಇಳಿಯಲಿಲ್ಲ ಎಂಬುದು ಗೊತ್ತಾಗುವುದೂ ಅಲ್ಲೇ. ದಂಡಿನ ಜನ ಮೊದಲಿನಿಂದಲೂ ನಾಲ್ಕು ಲಿಪಿಯವರು. ಸೆಪ್ಟೆಂಬರ್ 8ರ ಸೇಂಟ್ ಮೇರಿ ಬೆಸಿಲಿಕಾ ಹಬ್ಬಕ್ಕೆ ತಮಿಳು, ಕನ್ನಡ, ಇಂಗ್ಲಿಷ್. ದರ್ಗಾದ ಉರುಸಿಗೆ ಉರ್ದು. ಹಲಸೂರು ಸೋಮೇಶ್ವರನ ಉತ್ಸವಕ್ಕೆ ಕನ್ನಡ, ತಮಿಳು. ಚುನಾವಣೆ ಬಂದರೆ ಒಂದೇ ಕರಪತ್ರದಲ್ಲಿ ನಾಲ್ಕೂ. ಇಷ್ಟನ್ನೂ ಸಂಜೆಯೊಳಗೆ ಮಾಡಿ ಕೊಡಬೇಕಾದ ಅಂಗಡಿಯ ಬಂಡವಾಳವೆಂದರೆ ಒಂದು ಕಂಪ್ಯೂಟರ್, ಪೇಜ್‌ಮೇಕರ್, ಕೋರಲ್‌ಡ್ರಾ, ಒಂದು ಲೇಸರ್ ಪ್ರಿಂಟರ್.

ಅಂಥ ಒಂದು ಕರಪತ್ರ ಹೇಗೆ ತಯಾರಾಗುತ್ತಿತ್ತು ನೋಡಬೇಕು. ಕನ್ನಡ ಭಾಗವನ್ನು ಶ್ರೀಲಿಪಿ, ನುಡಿ, ಬರಹದಂಥ ತಂತ್ರಾಂಶದಲ್ಲಿ ಪೇಜ್‌ಮೇಕರಿಗೆ ಬೆರಳಚ್ಚಿಸುವುದು. ಅಲ್ಲಿ ಕಡತದೊಳಗೆ ನಿಜಕ್ಕೂ ಇರುವುದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರ ಕೂರಿಸಿದ ಫಾಂಟ್. ಆ ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಒಂದು ಕಂಪನಿಯ ಫಾಂಟಿನಲ್ಲಿ 'ಕ' ಇದ್ದ ಜಾಗದಲ್ಲಿ ಇನ್ನೊಂದರಲ್ಲಿ ಬೇರೇನೋ. ತಮಿಳಿನದೂ ಇದೇ ಪಾಡು. ಉರ್ದುವಿಗೆ 1994ರಲ್ಲಿ ಬಂದ ಇನ್‌ಪೇಜ್ ಎಂಬ ಪ್ರತ್ಯೇಕ ತಂತ್ರಾಂಶವೇ ಬೇಕು. ಸಾಲಿನುದ್ದಕ್ಕೂ ಇಳಿಜಾರಾಗಿ ಹರಿಯುವ ನಸ್ತಾಲೀಕ್ ಬರವಣಿಗೆಯನ್ನು ಅಕ್ಷರ ಅಕ್ಷರವಾಗಿ ಜೋಡಿಸಲು ಬಾರದೆ, ಪಾಕಿಸ್ತಾನದ ಕಲಾವಿದ ಅಹ್ಮದ್ ಮಿರ್ಜಾ ಜಮೀಲ್ ಸುಮಾರು 20,000 ಕೂಡಕ್ಷರಗಳನ್ನು ಕೈಯಲ್ಲಿ ಬರೆದು ಕೊಟ್ಟ ನೂರಿ ನಸ್ತಾಲೀಕ್ ಅದರ ಜೀವಾಳ. ಇನ್‌ಪೇಜಿನಲ್ಲಿ ಮುಗಿಸಿದ ಉರ್ದುವನ್ನು ಚಿತ್ರದಂತೆ ಕೋರಲ್‌ಡ್ರಾಕ್ಕೆ ತಂದು ಕನ್ನಡದ ಪಕ್ಕ ಕೂರಿಸಿದರೆ ಕರಪತ್ರ ಸಿದ್ಧ. ಕೊನೇ ಗಳಿಗೆಯಲ್ಲಿ ಗಿರಾಕಿ ಬಂದು ಉರ್ದುವಿನಲ್ಲಿ ಒಂದು ಹೆಸರು ಬಿಟ್ಟಿದೆ ಎಂದರೆ ಮತ್ತೆ ಮೊದಲಿನಿಂದ.

ಈ ಸರಪಳಿಯ ಮುಖ್ಯ ಕೊಂಡಿಗಳು ಲಿನಕ್ಸಿನಲ್ಲಿ ಇರಲಿಲ್ಲ. ನುಡಿ, ಬರಹ, ಶ್ರೀಲಿಪಿ, ಇನ್‌ಪೇಜ್ ಎಲ್ಲ ವಿಂಡೋಸಿನವು. 2001ರ 7.0 ಆವೃತ್ತಿಗೆ ನಿಂತುಹೋದ ಪೇಜ್‌ಮೇಕರಿಗೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಬರುತ್ತಿರಲಿಲ್ಲ. ಉಚಿತವಾಗಿ ಸಿಗುವ ಲಿನಕ್ಸಿನ ಪುಟವಿನ್ಯಾಸ ತಂತ್ರಾಂಶ ಸ್ಕ್ರೈಬಸ್‌ಗೆ ಭಾರತೀಯ ಲಿಪಿಗಳ ಒತ್ತಕ್ಷರ ಜೋಡಿಸುವ ಶಕ್ತಿ ಬಂದದ್ದು 2017ರ ಪ್ರಾಯೋಗಿಕ ಆವೃತ್ತಿಯಲ್ಲಿ; ಅದು ಸ್ಥಿರ ಆವೃತ್ತಿಯಾಗಿ ಹೊರಬಂದದ್ದು 2024ರ ಜನವರಿ 1ರಂದು. ಅಷ್ಟರವರೆಗೆ ಡಿಟಿಪಿ ಅಂಗಡಿಯವರಿಗೆ ಲಿನಕ್ಸಿನ ಸ್ವಾತಂತ್ರ್ಯದ ಬಗ್ಗೆ ಉಪನ್ಯಾಸ ಕೊಡುವುದು ವ್ಯರ್ಥವಾಗಿತ್ತು. ವಿಂಡೋಸಿಗೆ ಅವರು ಹಣ ಕೊಟ್ಟಿದ್ದರೇ ಎಂಬ ಪ್ರಶ್ನೆ ಬೇರೆ. ಬಹುಪಾಲು ಕಡೆ ಅದೂ ಉಚಿತವೇ, ಕಾನೂನಿನ ಕಣ್ಣು ತಪ್ಪಿಸಿ.

ವಿಂಡೋಸಿನಲ್ಲಿ ಕನ್ನಡ ಸಲೀಸಾಗಿತ್ತು ಎಂದೂ ಅಲ್ಲ. 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ವಿಂಡೋಸ್ ತುಂಗಾ ಫಾಂಟಿನೊಂದಿಗೆ ಕನ್ನಡ ತೋರಿಸಿದ್ದು 2001ರ ಎಕ್ಸ್‌ಪಿಯಲ್ಲಿ. ಅದೂ ತಾನಾಗಿ ಅಲ್ಲ: ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಸಂಕೀರ್ಣ ಲಿಪಿಗಳ ಸೌಲಭ್ಯಕ್ಕೆ ಗುರುತು ಹಾಕಿ, ಮೂಲ ಸಿಡಿ ಕೇಳಿದಾಗ ಕೊಡಬೇಕು. ಮೂಲ ಸಿಡಿ ಯಾರ ಬಳಿ ಇತ್ತು? ಆದ್ದರಿಂದ ಸರ್ಕಾರಿ ಕಚೇರಿಗಳೂ ಅಂಗಡಿಗಳೂ ಕನ್ನಡ ಗಣಕ ಪರಿಷತ್ತಿನ (ಕಗಪ) ನುಡಿಯ ಹಳೆಯ ಫಾಂಟುಗಳಲ್ಲೇ ವರ್ಷಗಟ್ಟಲೆ ಉಳಿದವು.

ಲಿನಕ್ಸ್ ಹಾದಿ ಹಿಡಿದ ಕನ್ನಡಿಗರಿಗೆ ಸಿಕ್ಕಿದ್ದು ಇನ್ನೊಂದು ಬಗೆಯ ಗೊಂದಲ. ಅಲ್ಲಿ ಅಕ್ಷರ ಜೋಡಿಸುವ ಯಂತ್ರ (ತಂತ್ರಾಂಶದ ಎಂಜಿನ್) ಒಂದಲ್ಲ, ಮೂರು. ಗ್ನೋಮ್ ಪರಿಸರದ ತಂತ್ರಾಂಶಗಳಿಗೆ ಪ್ಯಾಂಗೊ, ಕೆಡಿಇಯವಕ್ಕೆ ಕ್ಯೂಟಿ, ಓಪನ್ ಆಫೀಸಿಗೆ ಐಸಿಯು. ಒಂದೇ ಪದದ ಒತ್ತಕ್ಷರ ಒಂದರಲ್ಲಿ ಸರಿಯಾಗಿ ಕೂತರೆ, ಇನ್ನೊಂದರಲ್ಲಿ ಪಕ್ಕಕ್ಕೆ ಜಾರುತ್ತಿತ್ತು, ಮತ್ತೊಂದರಲ್ಲಿ ಅರ್ಕಾವತ್ತು ಮುಂದಕ್ಕೆ ಓಡಿಹೋಗುತ್ತಿತ್ತು. ರೆಡ್ ಹ್ಯಾಟ್ ಲೋಹಿತ್ ಕನ್ನಡ ಫಾಂಟ್ ಬಿಡುಗಡೆ ಮಾಡಿತು. ಮುಂದೆ ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಫಾಂಟುಗಳು ಬಂದು ಡೆಬಿಯನ್, ಉಬುಂಟು ಎಂಬ ಲಿನಕ್ಸ್ ವಿತರಣೆಗಳಲ್ಲಿ ಸೇರಿದವು. ಮೂರು ಯಂತ್ರಗಳ ಜಾಗಕ್ಕೆ ಹಾರ್ಫ್‌ಬಝ್ ಎಂಬ ಒಂದೇ ಯಂತ್ರ ಬಂದ ಮೇಲೆ ಈ ಗೋಳು ಬಹುಮಟ್ಟಿಗೆ ತೀರಿತು.

ಕೀಲಿಮಣೆಯ ಗೋಳು ಹೆಚ್ಚು ದಿನ ಉಳಿಯಿತು. ಕರ್ನಾಟಕದ ಬೆರಳುಗಳು ಕಲಿತದ್ದು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ: ಎನ್ ಒತ್ತಿದರೆ ನ, ಎಮ್ ಒತ್ತಿದರೆ ಮ, ಅರ್ಧಾಕ್ಷರಕ್ಕೆ ಎಫ್. ಲಿನಕ್ಸಿನಲ್ಲಿ ಮೊದಲಿಗೆ ಸಿಗುತ್ತಿದ್ದುದು ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್. ಅದರಲ್ಲಿ ಎನ್ ಎಂದರೆ ಲ, ಎಮ್ ಎಂದರೆ ಸ, ಎಫ್ ಎಂದರೆ ಗುಡಿಸು. ನಮಸ್ಕಾರ ಬರೆಯಲು ಕಗಪ ಅಭ್ಯಾಸದ ಬೆರಳಾಡಿಸಿದರೆ ಪರದೆಯ ಮೇಲೆ 'ಲಸೇ' ಎಂದು ಮೂಡಿ, ಒಂದು ಅನಾಥ ಗುಡಿಸು ಚುಕ್ಕಿವೃತ್ತದ ಮೇಲೆ ಕೂತು, ಆಮೇಲೆ ಒಂದು 'ಕ', ಒಂದು 'ಓ', ಕೊನೆಗೆ ಯಾರದೂ ಅಲ್ಲದ ಒಂದು ದೀರ್ಘ. ಹತ್ತು ವರ್ಷ ಅಚ್ಚುಕಟ್ಟಾಗಿ ಬೆರಳಚ್ಚಿಸಿದವರು ಇದನ್ನು ನೋಡಿ ಲಿನಕ್ಸ್ ಬೇಡವೆಂದರೆ ಅವರನ್ನು ದೂರುವಂತಿಲ್ಲ. ಕಗಪ ವಿನ್ಯಾಸ ಲಿನಕ್ಸಿನ ಮೂಲ ಕೀಲಿಮಣೆಗಳ ಪಟ್ಟಿಗೆ ಸೇರಿದ್ದು ತಡವಾಗಿ.

ಲಿನಕ್ಸಿಗೆ ಊರಿನಲ್ಲಿ ಗೌರವ ಸಿಕ್ಕಿದ್ದು ವೈರಸ್ಸುಗಳಿಂದ. 2006ರಿಂದ ಆಚೆಗೆ ಸೈಬರ್ ಕೆಫೆಗಳಲ್ಲಿ, ಕಾಲೇಜು ಪ್ರಯೋಗಾಲಯಗಳಲ್ಲಿ ಪೆನ್ ಡ್ರೈವ್ ಚುಚ್ಚಿದರೆ 'ನ್ಯೂ ಫೋಲ್ಡರ್' ಎಂಬ ಹಳದಿ ಚಿತ್ರ ತಾನಾಗಿ ಹುಟ್ಟಿಕೊಳ್ಳುತ್ತಿತ್ತು. ಅದು ಫೋಲ್ಡರ್ ಅಲ್ಲ, ಫೋಲ್ಡರಿನ ವೇಷ ಹಾಕಿದ ವೈರಸ್. ಅದೇ ಪೆನ್ ಡ್ರೈವನ್ನು ಲಿನಕ್ಸಿಗೆ ಚುಚ್ಚಿದರೆ ವೇಷ ಕಳಚಿ, ಬಾಲದಲ್ಲಿ 'ಎಕ್ಸಿ' ಇಟ್ಟುಕೊಂಡ ಒಂದು ಸಾಧಾರಣ ಕಡತವಾಗಿ ಕಾಣುತ್ತಿತ್ತು. ಅಳಿಸಿ ಹಾಕಿದರೆ ಮುಗಿಯಿತು. ಸಿಡಿಯಿಂದಲೇ ಓಡುವ ನಾಪಿಕ್ಸ್, ಉಬುಂಟುಗಳು ಹಲವು ಅಂಗಡಿಗಳಲ್ಲಿ ಸ್ಕ್ರೂಡ್ರೈವರಿನ ಪಕ್ಕ ಜಾಗ ಪಡೆದದ್ದು ಹೀಗೆ, ವಿಂಡೋಸ್ ರಿಪೇರಿಯ ಹತಾರವಾಗಿ. 2005ರಿಂದ 2011ರವರೆಗೆ ಕ್ಯಾನೊನಿಕಲ್ ಕಂಪನಿ ಕೇಳಿದವರಿಗೆಲ್ಲ ಉಬುಂಟು ಸಿಡಿಯನ್ನು ಅಂಚೆಯಲ್ಲಿ ಉಚಿತವಾಗಿ ಕಳಿಸುತ್ತಿತ್ತು. ವಿದೇಶದಿಂದ ತಮ್ಮ ಹೆಸರಿಗೆ ಪೊಟ್ಟಣ ಬಂದದ್ದಕ್ಕೇ ಸಂಭ್ರಮಪಟ್ಟ ವಿದ್ಯಾರ್ಥಿಗಳು ಬಹಳ; ಅದನ್ನು ಯಂತ್ರಕ್ಕೆ ಹಾಕಿದವರು ಅಷ್ಟಿಲ್ಲ.

ಅಂಗಡಿಯಲ್ಲೇ ಲಿನಕ್ಸ್ ಸಿಗುವ ಕಾಲವೂ ಬಂತು. 2012ರಲ್ಲಿ ದೇಶದ 850 ಮಳಿಗೆಗಳಲ್ಲಿ ಉಬುಂಟು ಇರುವ ಡೆಲ್ ಲ್ಯಾಪ್‌ಟಾಪ್ ಮಾರುವ ಯೋಜನೆ ಪ್ರಕಟವಾಯಿತು. ಬೆಲೆ ಕಡಿಮೆಯೆಂದು ಕೊಂಡವರು ಅನೇಕರು. ಕೊಂಡ ದಿನವೇ 'ವಿಂಡೋಸ್ ಹಾಕಿಸಲು' ಇನ್ನೊಂದು ಅಂಗಡಿಗೆ ಒಯ್ದವರೂ ಅವರೇ. ಫ್ರೀಡಾಸ್ ಎಂಬ ಕಪ್ಪು ಪರದೆಯೊಂದಿಗೆ ಬರುತ್ತಿದ್ದ ಲ್ಯಾಪ್‌ಟಾಪುಗಳ ಗತಿಯೂ ಇದೇ. ಕಷ್ಟ ಸಹಿಸಿ ಲಿನಕ್ಸಿನಲ್ಲೇ ಉಳಿದ ಲೆಕ್ಕಪರಿಶೋಧಕರು, ಗುತ್ತಿಗೆದಾರರಿಗೆ ಸರ್ಕಾರಿ ಜಾಲತಾಣಗಳು ಎದುರಾದವು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು, ಟೆಂಡರಿನ ಕೊನೆಯ ದಿನಾಂಕ ಯಾರಿಗೂ ಕಾಯುತ್ತಿರಲಿಲ್ಲ. ಆ ಬ್ರೌಸರನ್ನು ಮೈಕ್ರೋಸಾಫ್ಟ್ ತಾನೇ 2022ರ ಜೂನ್ 15ರಂದು ನಿವೃತ್ತಿಗೊಳಿಸಿತು.

ಸರ್ಕಾರದ ಸ್ವಂತ ಬಳಕೆಗೆ ಬಂದದ್ದೂ ಕೊನೆಗೆ ಲಿನಕ್ಸೇ. ಸಿ.ವಿ. ರಾಮನ್ ನಗರದಲ್ಲಿ ಹಲವು ಪ್ರಯೋಗಾಲಯಗಳಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಸ್ವದೇಶಿ ಆಪರೇಟಿಂಗ್ ಸಿಸ್ಟಮ್ ಮಾಡುವುದಾಗಿ 2010ರಲ್ಲಿ ಹೇಳಿತ್ತು. 2023ರಲ್ಲಿ ರಕ್ಷಣಾ ಸಚಿವಾಲಯದ ಕಂಪ್ಯೂಟರುಗಳಿಗೆಂದು ಬಂದ 'ಮಾಯಾ' ಉಬುಂಟುವನ್ನೇ ಆಧರಿಸಿದ್ದು. ಜನಸಾಮಾನ್ಯರ ಕನ್ನಡ ಲಿನಕ್ಸ್ ನೋಡಬೇಕಾದರೆ ಬೆಂಗಳೂರು ಬಿಟ್ಟು ಕಾಸರಗೋಡಿಗೆ ಹೋಗಬೇಕು. 2001ರಲ್ಲಿ ಶುರುವಾದ ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಪೂರ್ತಿ ಸ್ವತಂತ್ರ ತಂತ್ರಾಂಶಕ್ಕೆ ತಿರುಗಿತು. 2017ರಿಂದ ಅದರ ಹೆಸರು ಕೈಟ್. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡ ಪಠ್ಯಪುಸ್ತಕದಲ್ಲಿ ಓದಿ ಲಿನಕ್ಸ್ ಮೇಲೆ ಕಂಪ್ಯೂಟರ್ ಕಲಿಯುತ್ತಾರೆ. ಅವರಿಗೆ ಅದರಲ್ಲಿ ಸಾಹಸವೂ ಇಲ್ಲ, ಹೆಮ್ಮೆಯೂ ಇಲ್ಲ. ಕಂಪ್ಯೂಟರ್ ಎಂದರೆ ಅದೇ. ಆಯ್ಕೆ ಅಲ್ಲಿಯೂ ಬಳಸುವವರದಲ್ಲ, ಸರ್ಕಾರದ್ದು. ಫಲ ಮಾತ್ರ ಬೇರೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಟಿಪಿಎಮ್ 2.0 ಎಂಬ ಭದ್ರತಾ ಸೌಲಭ್ಯವಿಲ್ಲದ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ, ಅಂಥವುಗಳಲ್ಲಿ ಕೆಲವಾದರೂ ಲಿನಕ್ಸಿಗೆ ಬರುತ್ತಿವೆ. ಈಗ ಕನ್ನಡ ತಾನಾಗಿ ಸರಿ ಕಾಣುತ್ತದೆ, ಕಗಪ ಕೀಲಿಮಣೆ ಪಟ್ಟಿಯಲ್ಲೇ ಇದೆ, ಮೋಡೆಮಿನ ಮಾತು ಯಾರಿಗೂ ನೆನಪಿಲ್ಲ. ಉಳಿದಿರುವುದು ಹಳೆಯ ಕಡತಗಳು. ಎರಡು ದಶಕ ನುಡಿ, ಶ್ರೀಲಿಪಿ, ಇನ್‌ಪೇಜ್‌ಗಳಲ್ಲಿ ಮಾಡಿದ ಪುಸ್ತಕ, ಸ್ಮರಣ ಸಂಚಿಕೆ, ಮಂಡಳಿಗಳ ದಾಖಲೆಗಳು ಆಯಾ ಫಾಂಟು, ಆಯಾ ತಂತ್ರಾಂಶ ಇಲ್ಲದ ಯಂತ್ರದಲ್ಲಿ ಓದಲು ಬರುವುದಿಲ್ಲ. ನುಡಿ ಮತ್ತು ಬರಹದ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಈ ಕೆಲಸ ಮುಗಿಸಿಕೊಳ್ಳಬೇಕು. ಪರಿವರ್ತನೆಯಲ್ಲಿ ಒತ್ತಕ್ಷರಗಳು ಅಲ್ಲಲ್ಲಿ ತಪ್ಪುವುದರಿಂದ ಒಮ್ಮೆ ಕರಡು ತಿದ್ದುವುದೂ ಅಗತ್ಯ.